ಏನು ತಿಂದಿತ್ತು ಎಂದು ಕೇಳುವವರು

ರೇಷ್ಮೆ ಇನ್ಸ್‌ಪೆಕ್ಟರು ಹನೂರಿನಲ್ಲಿ ತೀರಿಕೊಂಡರು ಎಂಬ ಸುದ್ದಿಯನ್ನು ತಂದವರು ಪಾಪ, ಮುಖ ಸಪ್ಪಗೆ ಮಾಡಿಕೊಂಡು, ಬಾಗಿಲಲ್ಲೇ ನಿಂತು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಹೇಳಿದರು. ಅಂಥ ಹೊತ್ತಿನಲ್ಲಿ ಏನು ಕೇಳಬೇಕೆಂದು ನನಗೆ ಗೊತ್ತಿಲ್ಲವೆ? ಯಾವಾಗ ಹೋದರು, ಹತ್ತಿರ ಯಾರಿದ್ದರು, ಬಹಳ ನರಳಿದರೇ. ಆದರೆ ನನ್ನ ಬಾಯಿಂದ ಬಂದದ್ದು, “ಏನು ತಿಂದಿದ್ದರಂತೆ?”

ಬಂದವರು ನನ್ನನ್ನು ನೋಡಿದರು, ಆಮೇಲೆ ನನ್ನ ಯಜಮಾನರನ್ನು ನೋಡಿದರು. ಯಜಮಾನರು ಕೆಮ್ಮಿ, ಒಳಗೆ ಹೋಗಿ ಕಾಫಿ ಮಾಡು ಎಂದರು. ಕಾಫಿ ಸೋಸುವಾಗ ನಗು ಬಂತು, ಹಿಂದೆಯೇ ಅಳುವೂ ಬಂತು. ಸತ್ತವರು ಆ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದರೆ ಎದ್ದು ಕೂತು, “ಸರಿಯಾಗಿ ಕೇಳ್ದೆ ಕಾನ್ವೆಂಟಮ್ಮಾ” ಎನ್ನುತ್ತಿದ್ದರು. ಅದು ಅವರದೇ ಪ್ರಶ್ನೆ.

ನಾನು ಮದುವೆಯಾಗಿ ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬಂದಾಗ ಅವರು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ನಮ್ಮದು ರೇಷ್ಮೆಗೂಡಿನ ವ್ಯಾಪಾರದ ಮನೆ. ಹಿತ್ತಲಿನಲ್ಲಿ ನೂಲು ತೆಗೆಯುವ ಚರಕಗಳು, ಬೇಯುವ ಗೂಡಿನ ವಾಸನೆ. ಕಾನ್ವೆಂಟಿನ ಲ್ಯಾವೆಂಡರ್ ಸೋಪಿನಲ್ಲಿ ಬೆಳೆದ ನನಗೆ ಆ ವಾಸನೆಗೆ ಮೊದಲ ವಾರ ಊಟ ಸೇರಲಿಲ್ಲ. ಕಾಂಪೌಂಡು ಗೋಡೆಯ ಆಚೆಯಿಂದ ಒಂದು ತಲೆ ಮೇಲೆದ್ದು, “ಮೂಗು ಮುಚ್ಕೋಬೇಡ ತಾಯಿ, ನಿಮ್ಮ ಸಿಸ್ಟರು ಕಟ್ಟಿದ ರೇಷ್ಮೆ ರಿಬ್ಬನ್ನೂ ಇದೇ ವಾಸನೆಯಿಂದ ಹುಟ್ಟಿದ್ದು” ಎಂದಿತು. ಅದು ನಮ್ಮ ಮೊದಲ ಪರಿಚಯ.

ಕುಳ್ಳಗೆ, ಗುಂಡಗೆ, ಕಾಲು ಮಾತ್ರ ಸಣ್ಣ. ಹಣ್ಣಾದ ರೇಷ್ಮೆಹುಳ ಗೂಡು ಕಟ್ಟಲು ಜಾಗ ಹುಡುಕುತ್ತ ಕತ್ತೆತ್ತಿ ಅತ್ತಿತ್ತ ಆಡಿಸುತ್ತದಲ್ಲ, ಅವರು ಮಾತಾಡುವಾಗ ಹಾಗೆಯೇ ಕತ್ತು ಆಡುತ್ತಿತ್ತು. ಮದುವೆಯಾಗಿರಲಿಲ್ಲ. ಆ ಸಂಗತಿ ಅವರ ಶರ್ಟಿನ ಗುಂಡಿಗಳನ್ನು ನೋಡಿದರೇ ತಿಳಿಯುತ್ತಿತ್ತು: ಐದಿರಬೇಕಾದ ಕಡೆ ಮೂರು. ಜೇಬಿನಲ್ಲಿ ಒಂದು ಭೂತಗನ್ನಡಿ, ನಶ್ಯದ ಡಬ್ಬಿ. ಆ ನಶ್ಯದ ಬೆರಳನ್ನು ಒರೆಸಿಕೊಳ್ಳುವ ಜಾಗ ಅವರ ಪಂಚೆಯ ಎಡಮಗ್ಗುಲು. ಎಷ್ಟು ಒಗೆದರೂ ಅಲ್ಲೊಂದು ಕಂದು ಕಲೆ ಉಳಿದಿರುತ್ತಿತ್ತು.

ಸರ್ಕಾರದ ಕೆಲಸಕ್ಕೆ ಸೇರಿದ್ದು ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದಾಗ. ಆಮೇಲೆ ಐವತ್ತಾರರಲ್ಲಿ ಊರು ಮೈಸೂರಿಗೆ ಬಂತು. “ನಾನು ಕುಂತಲ್ಲೇ ಕುಂತಿದ್ದೆ. ಮದ್ರಾಸಿನೋನಾಗಿ ಮಲಗಿದೆ, ಮೈಸೂರಿನೋನಾಗಿ ಎದ್ದೆ. ಒಂದು ಹುಳಾನಾದ್ರೂ ಸೊಪ್ಪು ತಿನ್ನೋದ ನಿಲ್ಸಿ ಇದೇನ್ರಿ ಅಂತ ಕೇಳ್ಲಿಲ್ಲ” ಎನ್ನುತ್ತಿದ್ದರು. ಮೇಲಧಿಕಾರಿಗಳನ್ನು ಬಯ್ಯಲು ಮಾತ್ರ ಕೊನೆಯವರೆಗೂ ತಮಿಳನ್ನೇ ಬಳಸಿದರು. ಕನ್ನಡದಲ್ಲಿ ಬಯ್ದರೆ ಅರ್ಥವಾಗಿಬಿಡುತ್ತದೆ ಎಂಬ ಮುನ್ನೆಚ್ಚರಿಕೆ.

ಅವರ ಕೆಲಸ ಊರೂರು ತಿರುಗಿ ಹುಳು ಸಾಕುವವರ ಮನೆ ನೋಡುವುದು, ರೋಗ ಬಂದಿದೆಯೇ ಎಂದು ಪರೀಕ್ಷೆ ಮಾಡುವುದು. ಬಂಡಳ್ಳಿ, ರಾಮಾಪುರ, ಆ ಕಡೆ ಯಳಂದೂರು. ಸತ್ತ ಹುಳ ಕಂಡರೆ ಮೊದಲ ಪ್ರಶ್ನೆ, “ಏನು ತಿಂದಿತ್ತು?” ಅದು ಕೆಲಸದ ಪ್ರಶ್ನೆ, ಒಪ್ಪಬೇಕು. ಆದರೆ ಅವರು ಅದನ್ನು ಕೆಲಸದ ಜೊತೆ ಅಲ್ಲೇ ಬಿಟ್ಟುಬರುತ್ತಿರಲಿಲ್ಲ. ಯಳಂದೂರಿನ ಒಂದು ಮದುವೆಯಲ್ಲಿ ಎಲೆಯ ಮೇಲೆ ತುಪ್ಪ ಬೀಳುವ ಮುಂಚೆ, ಈ ತುಪ್ಪದ ಹಸು ಯಾವ ಹೊಲದ ಹುಲ್ಲು ತಿಂದಿತ್ತು ಎಂದು ಕೇಳಿದ್ದಕ್ಕೆ, ಬಡಿಸುವವನು ಪಾತ್ರೆ ಹಿಡಿದು ಮುಂದಿನ ಪಂಕ್ತಿಗೇ ಹೊರಟುಹೋದ. ನಮ್ಮ ಹಾಲಿನಾಕೆಯನ್ನು ದಿನವೂ ಪೀಡಿಸುತ್ತಿದ್ದರು.

“ಎಮ್ಮೆ ಏನ್ ತಿಂತು ನೆನ್ನೆ?”

“ಎಮ್ಮೆ ತಿಂದದ್ದ ನೀವ್ಯಾಕ್ ಕೇಳೀರಿ ಸಾ? ನೀವ್ ತಿಂದದ್ದ ಎಮ್ಮೆ ಕೇಳ್ತದಾ?”

ಬಿಳಿಗಿರಿರಂಗನ ಬೆಟ್ಟದಿಂದ ಜೇನು ತರುವ ಸೋಲಿಗರ ಅಜ್ಜನೊಬ್ಬನನ್ನೂ ಬಿಡಲಿಲ್ಲ. ಆ ಅಜ್ಜ ಗಂಭೀರವಾಗಿ, “ಜೇನ್ ನೊಣ ಏನ್ ತಿಂತು ಅಂತ ನೊಣನೇ ಕೇಳಿ ಬುದ್ಧಿ. ಬನ್ನಿ, ಮನೆ ತೋರುಸ್ತೀನಿ” ಎಂದ. ಇವರು ನಿಜವಾಗಿಯೂ ಹೋದರು. ವಾಪಸು ಬಂದಾಗ ಮುಖ ಊದಿ ಎಡಗಣ್ಣೇ ಕಾಣಿಸುತ್ತಿರಲಿಲ್ಲ. “ಉತ್ತರ ಸಿಕ್ತಾ ಸಾರ್?” ಎಂದು ಕೇಳಿದೆ. “ಸಿಕ್ತು. ಹೂವಿನ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ದೋ” ಎಂದರು.

ಇಷ್ಟು ಜನರನ್ನು ಕೇಳಿದವರು ಒಂದು ಕಡೆ ಮಾತ್ರ ಕೇಳಲಿಲ್ಲ: ತಮ್ಮ ಮನೆಯಲ್ಲಿ.

ಅವರು ಬಿಳಿಯ ಸೀಮೆಕೋಳಿಗಳನ್ನು ಸಾಕಿದ್ದರು. ಒಂದೊಂದಕ್ಕೂ ಇಲಾಖೆಯ ಒಂದೊಂದು ಹುದ್ದೆಯ ಹೆಸರು. ಎಲ್ಲಕ್ಕಿಂತ ದಪ್ಪನೆಯದು ಡೈರೆಕ್ಟರ್. ಅದರ ಹಿಂದೆ ಹಿಂದೆಯೇ ಓಡುವುದು ಡೆಪ್ಯುಟಿ ಡೈರೆಕ್ಟರ್. “ಡೈರೆಕ್ಟರ್ ಇವತ್ತೂ ಬರೀ ಕೂಗಾಡಿ ಎದ್ದೋದ್ರು, ಮೊಟ್ಟೆ ಇಲ್ಲ” ಎಂದು ಗೋಡೆಯ ಮೇಲಿಂದ ವರದಿ ಬರುತ್ತಿತ್ತು.

ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ಅತ್ತೆ ಲಿಂಗಪೂಜೆ ಆಗುವವರೆಗೆ ಹನಿ ನೀರೂ ಕುಡಿಯದವರು. ಆದರೆ ನನ್ನ ಮಗಳು ಪುಟ್ಟಿ ನಾಲ್ಕು ವರ್ಷವಾದರೂ ಎರಡು ವರ್ಷದವಳಂತೆ ಇದ್ದಳು. ಡಾಕ್ಟರು ದಿನಕ್ಕೊಂದು ಮೊಟ್ಟೆಯನ್ನು ಬಿಸಿ ಹಾಲಿನಲ್ಲಿ ಕದಡಿ ಕುಡಿಸಲೇಬೇಕು ಎಂದರು. ಅತ್ತೆ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಅದಕ್ಕೆ “ಔಷಧಿ” ಎಂದು ಹೆಸರಿಟ್ಟು ಒಪ್ಪಿದರು. ಔಷಧಿಗೆ ಬೇರೆ ಲೋಟ, ಬೇರೆ ಚಮಚ, ಅವುಗಳ ವಾಸ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದ ಗೂಡಿನಲ್ಲಿ. ದಿನವೂ ಬೆಳಿಗ್ಗೆ ಗೋಡೆಯ ಆಚೆಯಿಂದ ಹಿಪ್ಪುನೇರಳೆ ಎಲೆಯಲ್ಲಿ ಸುತ್ತಿದ ಮೊಟ್ಟೆ ಬರುತ್ತಿತ್ತು. ಅತ್ತೆ ಆ ಹೊತ್ತಿಗೆ ಸರಿಯಾಗಿ ತುಳಸಿಗೆ ನೀರೆರೆಯಲು ಬೆನ್ನು ತಿರುಗಿಸುತ್ತಿದ್ದರು. ಪುಟ್ಟಿಗೆ ಕೆನ್ನೆ ಬಂತು. ಮೊಟ್ಟೆಗೆ ದುಡ್ಡು ಅಂದರೆ ಇನ್ಸ್‌ಪೆಕ್ಟರು ಜಗಳಕ್ಕೇ ಬರುತ್ತಿದ್ದರು. ಅವರೂ ತಿನ್ನುತ್ತಿದ್ದರು, ದಿನಕ್ಕೆರಡು.

ಅದೇ ವರ್ಷದ ಚಳಿಗಾಲದಲ್ಲಿ ಸುಣ್ಣಕಟ್ಟು ರೋಗ ಬಂತು. ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದ ಹುಳ ಇದ್ದಕ್ಕಿದ್ದಂತೆ ಸತ್ತು, ಮೈಯೆಲ್ಲ ಬೂಷ್ಟು ಹಿಡಿದು, ಬಳಪದ ಕಡ್ಡಿಯ ಹಾಗೆ ಬಿಳಿಯಾಗಿ ಸೆಟೆದುಕೊಳ್ಳುತ್ತದೆ. ಒಂದಕ್ಕೆ ಬಂದರೆ ಅದನ್ನು ಸಾಕಿದ ತಟ್ಟೆಗೆ, ತಟ್ಟೆಗೆ ಬಂದರೆ ಮನೆಗೆ. ಇನ್ಸ್‌ಪೆಕ್ಟರು ಊಟ ಬಿಟ್ಟು ಓಡಾಡಿದರು. ಅವರ ಹಿತ್ತಲಲ್ಲೇ ಪ್ರಯೋಗಕ್ಕೆಂದು ಮಣ್ಣಿನ ಗೋಡೆಯ ಒಂದು ಹುಳದ ಮನೆಯಿತ್ತು. ಅಲ್ಲಿ ಅವರಿಗೆ ಒಂದು ಉಪಾಯ ಹೊಳೆಯಿತು. ಬಿತ್ತನೆ ಜೋಳಕ್ಕೆ ಬೂಷ್ಟು ಹಿಡಿಯದಂತೆ ಹಚ್ಚುವ ಒಂದು ಕೆಂಪು ಪುಡಿ ಆಗ ಬರುತ್ತಿತ್ತು. ಅದರಲ್ಲಿ ಪಾದರಸ. ಬೀಜದ ಬೂಷ್ಟು ಸಾಯುವುದಾದರೆ ಹುಳದ ಮನೆಯ ಬೂಷ್ಟು ಯಾಕೆ ಸಾಯಬಾರದು? ಹುಳ ಇಲ್ಲದಾಗ ನೆಲಕ್ಕೆ, ಗೋಡೆಯ ಬಿರುಕಿಗೆ, ತಟ್ಟೆ ಇಡುವ ಅಟ್ಟಣಿಗೆಯ ಕಾಲಿಗೆ ಬರಿಗೈಯಲ್ಲೇ ಆ ಪುಡಿಯನ್ನು ರಂಗೋಲಿಯಂತೆ ಎರಚಿದರು. ಮುಂದಿನ ಬೆಳೆಗೆ ಒಂದು ಹುಳವೂ ಬೆಳ್ಳಗಾಗಲಿಲ್ಲ.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಹೋದ ಊರಿನಲ್ಲೆಲ್ಲ ಪುಡಿಯ ಉಪದೇಶ. ಬಂಡಳ್ಳಿಯಲ್ಲಿ ಅವರಿಗೆ ಹಾರ ಹಾಕಿದರಂತೆ. ಆ ಹಾರವನ್ನು ತಂದು ಡೈರೆಕ್ಟರ್ ಕೋಳಿಯ ಕತ್ತಿಗೆ ಹಾಕಿದರು. ಅದು ಚೆಂಡುಹೂವನ್ನು ಒಂದೊಂದಾಗಿ ಕುಕ್ಕಿ ತಿಂದಿತು.

ಹುಳ ಸಾಕುವ ಮನೆಗಳಲ್ಲಿ ಒಂದು ರೂಢಿಯಿದೆ. ಗೂಡು ಬಿಡಿಸಿ, ತಟ್ಟೆ ತೊಳೆಯಲು ಹಾಕಿದ ಮೇಲೆ, ಹುಳದ ಮನೆಯ ಬಾಗಿಲು ತೆರೆದು ಕೋಳಿಗಳನ್ನು ಒಳಕ್ಕೆ ಬಿಡುತ್ತಾರೆ. ನೆಲಕ್ಕೆ ಬಿದ್ದ ಹುಳ, ಕಸದ ಕೆಳಗಿನ ಜಿರಲೆ, ಇರುವೆ, ಎಲ್ಲವನ್ನೂ ಅವು ಕೆದಕಿ ತಿಂದು ಪೊರಕೆಗಿಂತ ಚೊಕ್ಕಟ ಮಾಡುತ್ತವೆ. ಮನೆಯ ಹೆಂಗಸರು ಆವತ್ತೊಂದು ದಿನ ಕಾಲು ಚಾಚಿ ಕೂರುತ್ತಾರೆ. ಇನ್ಸ್‌ಪೆಕ್ಟರ ಮನೆಯಲ್ಲಿ ಕೂರುವ ಹೆಂಗಸಿಲ್ಲದಿದ್ದರೂ ರೂಢಿ ತಪ್ಪಲಿಲ್ಲ. ಇಡೀ ಇಲಾಖೆ ಒಳಗೆ ಹೋಗಿ ತಪಾಸಣೆ ಮುಗಿಸಿ ಬರುತ್ತಿತ್ತು.

ಅವರಿಗೊಂದು ಕರಿಬೆಕ್ಕೂ ಇತ್ತು. ಕೋಳಿಯ ತಂಟೆಗೆ ಹೋಗದ ಸಾಧು. ಹುಳದ ಮನೆಯ ಗೋಡೆಯ ಹಲ್ಲಿಗಳೇ ಅದಕ್ಕೆ ಊಟ. ಸಂಜೆ ಅವರು ಸೈಕಲ್ಲು ಇಳಿದೊಡನೆ ಕಾಂಪೌಂಡು ಗೋಡೆಯಿಂದ ಅವರ ಹೆಗಲಿಗೆ ನೆಗೆಯುವುದು ಅದರ ಪದ್ಧತಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಎರಡು ಬೆಳೆ ಕಳೆದ ಮೇಲೆ ಒಂದು ಸಂಜೆ ಅದು ಗೋಡೆಯ ಮೇಲೆ ನಿಂತು, ಮುಂಗಾಲನ್ನು ಗಾಳಿಯಲ್ಲಿಟ್ಟು, ಹಿಂತೆಗೆದು, ಮತ್ತೆ ಇಟ್ಟಿತು. ಮೊದಲ ಸಲ ಸೀರೆ ಉಟ್ಟ ಹುಡುಗಿ ಮೆಟ್ಟಿಲಿಳಿಯುವ ಹಾಗೆ. ಆಮೇಲೆ ನೆಗೆದು, ಹೆಗಲು ತಪ್ಪಿ, ದೊಪ್ಪನೆ ಸೈಕಲ್ಲಿನ ಕ್ಯಾರಿಯರಿನ ಮೇಲೆ ಬಿತ್ತು.

“ಇನ್ಸ್‌ಪೆಕ್ಟರೇ, ನಿಮ್ಮ ಬೆಕ್ಕು ಕುಡಿದುಬಂದಿದೆ” ಎಂದೆ.

ಅವರು ನಕ್ಕರು. ಬೆಕ್ಕನ್ನು ನೆಲಕ್ಕೆ ಬಿಟ್ಟರು. ಅದು ನೇರ ನಡೆಯಲು ಹೋಗಿ ಸುತ್ತು ತಿರುಗಿತು, ಹಿಂಗಾಲು ಒಂದು ದಿಕ್ಕಿಗೆ, ಮುಂಗಾಲು ಇನ್ನೊಂದು ದಿಕ್ಕಿಗೆ. “ಬಡ್ಡೀಮಗನೆ, ಏನ್ ತಿಂದೆ ನೀನು?” ಎಂದು ರೂಢಿಯಂತೆ ಕೇಳಿದರು.

ಕೇಳಿದವರು ಹಾಗೇ ನಿಂತರು. ಕತ್ತು ಆಡುವುದು ನಿಂತಿತು. ಹುಳದ ಮನೆಯ ಬಾಗಿಲ ಕಡೆ ನೋಡಿದರು, ಗೋಡೆಯ ಹಲ್ಲಿಯನ್ನು ನೋಡಿದರು, ನೆಲ ಕೆದಕುತ್ತಿದ್ದ ಡೈರೆಕ್ಟರನ್ನು ನೋಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ನಮ್ಮ ಮನೆಯ ಕಡೆ ನೋಡಿದರು.

ಗೋಡೆ ಸುತ್ತಿ ಬರುವ ತಾಳ್ಮೆ ಇರಲಿಲ್ಲ, ಹತ್ತಿಯೇ ಬಂದರು. ಪಂಚೆ ಗೋಡೆಯ ಮೊಳೆಯೊಂದಕ್ಕೆ ಸಿಕ್ಕಿ ಹರಿಯಿತು. ಪುಟ್ಟಿಗೆ ಆವತ್ತು ಬೆಳಿಗ್ಗೆ ನೆಗಡಿ ಎಂದು ಔಷಧಿಯನ್ನು ಸಂಜೆಗೆ ಇಟ್ಟಿದ್ದೆ, ಲೋಟ ಅವಳ ತುಟಿಯಲ್ಲಿತ್ತು. ಅವರು ಅದನ್ನು ಕಿತ್ತು ಮೋರಿಗೆ ಎಸೆದರು. ಮಗು ಕಿಟಾರನೆ ಕಿರುಚಿತು. ಒಳಗಿಂದ ಬಂದ ಅತ್ತೆ, ಮೋರಿಯಲ್ಲಿ ಹರಿಯುವ ಹಳದಿಯನ್ನೂ ಹರಿದ ಪಂಚೆಯ ಇನ್ಸ್‌ಪೆಕ್ಟರನ್ನೂ ನೋಡಿ, “ನಾ ಅವತ್ತೇ ಅಂದಿದ್ನಲ್ಲ! ಕೊನೆಗೂ ನಿಮಗಾದ್ರೂ ಶಿವ ಬುದ್ಧಿ ಕೊಟ್ನಲ್ಲಪ್ಪ” ಎಂದು ಕೈಮುಗಿದರು.

ಇನ್ಸ್‌ಪೆಕ್ಟರು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ನಮ್ಮ ಯಜಮಾನರು ಬಂದು ಏನಾಯಿತೆಂದು ಕೇಳಿದಾಗ ಅವರು ವಿವರಿಸಿದ ರೀತಿ ಇವತ್ತಿಗೂ ನನಗೆ ನೆನಪಿದೆ.

“ನೆಂಟರಲ್ಲಿ ಎರಡು ಜಾತಿ ಯಜಮಾನ್ರೆ. ಬಂದು, ಉಂಡು, ಗಲಾಟೆ ಮಾಡಿ ಹೋಗೋರು ಒಂದು ಜಾತಿ. ಹಿತ್ತಾಳೆ ಪಾತ್ರೆ ಕಿಲುಬು ಹಂಗೆ: ವಾಂತಿ ಮಾಡುಸ್ತದೆ, ಹೋಯ್ತದೆ. ಇನ್ನೊಂದು ಜಾತಿ ಬಂದ್ರೆ ಹೋಗೋದೇ ಇಲ್ಲ. ಮೂಲೇಲಿ ಸುಮ್ನೆ ಕೂತಿರ್ತಾರೆ. ಪಾದರಸ ಈ ಜಾತಿ. ಒಂದು ಜಿರಲೆ ಮನೇಲಿ ಇಂಥ ನೆಂಟ ಒಬ್ಬ. ಹಲ್ಲಿ ನೂರು ಜಿರಲೆ ತಿಂತು, ನೂರು ಮನೆ ನೆಂಟರೂ ಹಲ್ಲಿ ಮನೇಗ್ ಬಂದ್ರು. ಬೆಕ್ಕು ಐವತ್ತು ಹಲ್ಲಿ ತಿಂತು. ಈಗ ಎಷ್ಟಾಯ್ತು ಲೆಕ್ಕ ಹಾಕಿ. ಹಂಗೇ ಕೋಳಿ. ಕೋಳಿಯಿಂದ ಮೊಟ್ಟೆ. ಮೊಟ್ಟೆಯಿಂದ...”

ಅಲ್ಲಿಗೆ ನಿಲ್ಲಿಸಿ ಪುಟ್ಟಿಯನ್ನು ನೋಡಿದರು. ಹಿತ್ತಲ ಜಗಲಿಯಲ್ಲಿ ಕೂತಿದ್ದ ನನ್ನ ಮೈದುನ, ಒಂದು ವಾರಕ್ಕೆಂದು ಬಂದು ಎರಡು ವರ್ಷವಾಗಿದ್ದವನು, ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ.

ಮಾರನೆಯ ದಿನ ಅವರು ಹಿತ್ತಲಿನಲ್ಲಿ ಗುಂಡಿ ತೋಡಿದರು. ಕೋಳಿಗಳನ್ನೆಲ್ಲ ತಾವೇ ಕೊಂದು, ಸುಣ್ಣ ಸುರಿದು ಹೂತರು. ಬೀದಿಯವರು ಗೋಡೆಯ ಮೇಲೆ ಸಾಲಾಗಿ ನಿಂತು ನೋಡಿದರು.

“ಲಕ್ಷಣವಾಗಿರೋ ಕೋಳಿ ಮಣ್ಗಾಕ್ತಾವ್ರಲ್ಲ ಸಾ! ನಮ್ಗಾರಾ ಕೊಡಬಾರ್ದಾ?” ಎಂದಳು ನಮ್ಮ ಚರಕದ ಹೆಂಗಸು.

“ನೀನು ತಿಂದ್ರೆ ನಿನ್ನ ಹೂಳೋಕೆ ಇನ್ನೂ ದೊಡ್ಡ ಗುಂಡಿ ಬೇಕು ಕಣವ್ವ, ನನ್ನ ಬೆನ್ನಲ್ಲಿ ಶಕ್ತಿ ಇಲ್ಲ.”

ಯಾರಾದರೂ ತೋಡಿ ತೆಗೆದಾರೆಂದು ಆ ಮಣ್ಣಿನ ಮೇಲೆ ಕುರ್ಚಿ ಹಾಕಿಕೊಂಡು, ಛತ್ರಿ ಬಿಚ್ಚಿ, ಬಿಸಿಲಲ್ಲಿ ಕೂತರು. ನಾನು ಮಜ್ಜಿಗೆ ಕೊಟ್ಟೆ. “ಇಲಾಖೆ ಪೂರ್ತಿ ಹೂತೆ ಕಾನ್ವೆಂಟಮ್ಮಾ. ಎಷ್ಟು ದಿವಸದ ಆಸೆ” ಎಂದರು. ನಗಲಿಲ್ಲ. ಬೆಕ್ಕು ಆ ವಾರವೇ ಸತ್ತಿತು.

ಪುಟ್ಟಿಯನ್ನು ಡಾಕ್ಟರಿಗೆ ತೋರಿಸಿದೆವು. ಮೈಯೊಳಗೆ ಸೇರಿದ್ದನ್ನು ತೆಗೆಯುವ ಔಷಧಿ ನನ್ನ ಬಳಿ ಇಲ್ಲ, ಎಷ್ಟು ಸೇರಿದೆಯೋ ಅದೂ ಗೊತ್ತಾಗುವುದಿಲ್ಲ, ನಿಲ್ಲಿಸಿದ್ದೀರಲ್ಲ, ಕಾಯಿರಿ ಎಂದರು. ಕೈ ನಡುಗುತ್ತದೆಯೇ, ನಡಿಗೆ ತಪ್ಪುತ್ತದೆಯೇ ನೋಡುತ್ತಿರಿ. ಅಷ್ಟೇ. ಆ ರಾತ್ರಿಗಳ ಬಗ್ಗೆ ನಾನು ಬರೆಯುವುದಿಲ್ಲ.

ಆದರೆ ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಪುರಸೊತ್ತೇ ಸಿಗದಂತೆ ಅವರು ನೋಡಿಕೊಂಡರು. ಬೆಳಿಗ್ಗೆ ಬಸ್ಸು ಹತ್ತಿ ಪುಡಿ ಹಂಚಿದ ಊರುಗಳಿಗೆ ಹೋಗಿ, ಸಂಜೆ ಬಂದು ನೇರ ನಮ್ಮ ಜಗಲಿಗೆ. ಒಂದು ಹಿಡಿ ರಾಗಿ ಚೆಲ್ಲಿ, “ಒಂದೊಂದೇ ಕಾಳು ಹೆಕ್ಕಿ ಬಟ್ಟಲಿಗೆ ಹಾಕವ್ವ” ಎಂದು ಪುಟ್ಟಿಯ ಬೆರಳನ್ನೇ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಪುಟ್ಟಿ ಆಟವೆಂದುಕೊಂಡು ಹೆಕ್ಕುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು ಕಾಳು ಎಣಿಸುತ್ತಿದ್ದೆ.

ಬಂಡಳ್ಳಿಯಲ್ಲಿ ನಡೆದದ್ದನ್ನು ನಮಗೆ ಗೂಡು ಹಾಕುವ ರೈತನೊಬ್ಬ ಹಿತ್ತಲಿನಲ್ಲಿ ನಿಂತು ಅಭಿನಯಿಸಿಯೇ ತೋರಿಸಿದ. ಹಾರ ಹಾಕಿದವನೂ ಅವನೇ.

“ಬಂದವ್ರೇ ‘ನಾನ್ ಏಳಿದ್ದು ತಪ್ಪು, ನೆಲ ಕೆರೆದು ಆ ಮಣ್ಣ ಊತಾಕಿ, ಕೋಳಿ ಬುಡಬ್ಯಾಡಿ’ ಅಂದ್ರು ಕಣ್ರವ್ವ. ನಾ ಅಂದಿ, ‘ಓದ್ಸಾರಿ ಆಕಿ ಅಂದ್ರಿ, ಈಗ ತೆಗೀರಿ ಅಂತೀರಿ, ಮುಂದಿನ್ ಸಾರಿ ಉಳುಕ್ಕೆ ಸೊಪ್ಪೇ ಕೊಡಬ್ಯಾಡಿ ಅಂತೀರಾ?’ ನಮ್ ಎಂಡ್ರು ಒಳುಗಿಂದ್ಲೆ ಕೂಗುದ್ಲು, ‘ಕೋಳಿ ಬುಡ್ದೆ ಓದ್ರೆ ಕಸ ಇವ್ರ್ ಬಂದ್ ಗುಡುಸ್ತಾರಾ ಕೇಳು!’ ಅಂತವ. ಅಷ್ಟೇಯ. ಕೋಟ್ ಬಿಚ್ಚುದ್ರು, ಮೂಗ್ಗೆ ಟವೆಲ್ ಕಟ್ಟುದ್ರು, ಗುದ್ಲಿ ತಕಂಡು ನೆಲನೆಲ್ಲ ಕೆರುದ್ರು, ಪೊರಕೆ ತಕಂಡು ಗುಡುಸುದ್ರು. ನಮ್ ಎಂಡ್ರು ನಾಚ್ಕೊಂಡು ಅಟ್ಟುಕ್ಕೋದ್ಲು. ಊರೋರೆಲ್ಲ ಬಂದ್ ನಿಂತ್ರು. ಒಬ್ಬ ಅಂದ, ‘ಸಾ, ನಮ್ಮನೇಲೂ ಕಸ ಅದೆ!’ ಅಲ್ಲಿಗೂ ಓದ್ರು ಕಣ್ರವ್ವ!”

ಹಾಗೆ ಮನೆಮನೆಯ ಹುಳದ ಮನೆ ಗುಡಿಸಿದ ಸರ್ಕಾರಿ ಅಧಿಕಾರಿ ಇನ್ನೊಬ್ಬರಿದ್ದರೆ ನನಗೆ ಗೊತ್ತಿಲ್ಲ. ಕೆಲವರು ಪುಡಿ ಹಾಕದಿದ್ದರೂ ಹಾಕಿದ್ದೇವೆಂದು ಹೇಳಿ ಅವರಿಂದ ಗುಡಿಸಿಸಿಕೊಂಡರಂತೆ. ಇನ್ಸ್‌ಪೆಕ್ಟರಿಗೂ ಅದು ತಿಳಿದಿತ್ತು. “ಇರ್ಲಿ ಬುಡಮ್ಮ, ಕೇಳಿ ಖಾತ್ರಿ ಮಾಡ್ಕೊಳೋಕಿಂತ ಗುಡ್ಸೋದೇ ಸುಲಭ” ಎಂದರು.

ಪುಟ್ಟಿ ಬೆಳೆದಳು. ರಾಗಿ ಹೋಗಿ ಮಲ್ಲಿಗೆ ಮೊಗ್ಗು ಕಟ್ಟುವುದು ಬಂತು, ಅದು ಹೋಗಿ ಸೂಜಿ ಬಂತು. ನನ್ನ ಕಾನ್ವೆಂಟಿನ ಕಸೂತಿ ಡಬ್ಬಿಯಿಂದ ಅತಿ ಸಣ್ಣ ಕಣ್ಣಿನ ಸೂಜಿಯನ್ನು ಅವರೇ ಆರಿಸುತ್ತಿದ್ದರು. “ಪೋಣ್ಸು ಮಗಾ.” ಮೊದಲ ಸಲಕ್ಕೆ ದಾರ ಒಳಗೆ ಹೋದರೆ ಆ ಸಂಜೆ ಅವರ ಬಾಯಿಂದ ಮೇಲಧಿಕಾರಿಗಳ ತಮಿಳು ಪುರಾಣ. ಒಂದು ದಿನ ಅವಳಿಗೆ ಜ್ವರ, ದಾರ ಎರಡು ಸಲ ತಪ್ಪಿತು. ಇನ್ಸ್‌ಪೆಕ್ಟರು ಕಾಫಿ ಮುಟ್ಟದೆ ಎದ್ದುಹೋದರು. ಮಾರನೆಯ ದಿನ ಬೆಳಗಾಗುವ ಮುಂಚೆ ಜಗಲಿಯಲ್ಲಿದ್ದರು, ಕೈಯಲ್ಲಿ ಸೂಜಿ.

ಪೋಣಿಸಿದ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಪರೀಕ್ಷೆಯ ದಾಖಲೆ ಇರಬಹುದೆಂದು ಬಹಳ ಕಾಲ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಅವರ ಶರ್ಟು ನೋಡಿದೆ. ಐದು ಗುಂಡಿಯೂ ಇದ್ದವು. ಒಂದು ಹಸಿರು ದಾರದಲ್ಲಿ, ಒಂದು ನೇರಳೆ, ಒಂದು ನನ್ನ ಕಸೂತಿಯ ಗುಲಾಬಿ ಬಣ್ಣದಲ್ಲಿ. ಹೊಲಿಗೆ ಸೊಟ್ಟಪಟ್ಟ, ಗುಂಡಿಗಿಂತ ಬಟ್ಟೆಗೇ ಹೆಚ್ಚು ಬಿದ್ದಿತ್ತು. ಅವರು ನಶ್ಯದ ಡಬ್ಬಿ ತೆರೆಯುವಾಗ ನೋಡಿದೆ. ಮುಚ್ಚಳ ಟಕಟಕ ಸದ್ದು ಮಾಡುತ್ತಿತ್ತು. ಕಾಫಿ ಲೋಟವನ್ನು ಯಾವಾಗಿನಿಂದಲೋ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ದಿನಕ್ಕೆರಡು ಮೊಟ್ಟೆ ತಿಂದವರು, ಬರಿಗೈಯಲ್ಲಿ ಪುಡಿ ಎರಚಿದವರು, ಊರೂರು ಗುಡಿಸಿದವರು. ಅವರ ಕೈಗೆ ಭೂತಗನ್ನಡಿ ಹಿಡಿದವರು ಯಾರೂ ಇರಲಿಲ್ಲ. ನಾನು ಇದನ್ನು ಪುಟ್ಟಿಗೆ ಮಾತ್ರ ಹೇಳಿದೆ.

ಎಪ್ಪತ್ತರ ದಶಕದಲ್ಲಿ ಅವರು ನಿವೃತ್ತರಾಗಿ ಹನೂರಿಗೆ ಹೊರಟ ಸಂಜೆ ನಮ್ಮ ಮನೆಗೆ ಬಂದರು. ಇಲಾಖೆಯವರು ಹೊದಿಸಿದ ಶಾಲಿನೊಳಗೆ ಎರಡೂ ಕೈ ಸೇರಿಸಿಕೊಂಡು ಕೂತಿದ್ದರು. ಪುಟ್ಟಿ ಆಗ ಹೈಸ್ಕೂಲು ಹುಡುಗಿ, ಬಾಯಿ ಜೋರು. ತಾನೇ ಡಬ್ಬಿ ತಂದು ಕೂತಳು.

“ಕೊನೇ ಪರೀಕ್ಷೆ ಅಲ್ವಾ ಹುಳದ ಮಾವ?”

ಸೂಜಿ ಎತ್ತಿದಳು. ಕೈ ಗಡಗಡ ನಡುಗಿತು. ದಾರ ತಪ್ಪಿತು. ಮತ್ತೆ ತಪ್ಪಿತು. ಇನ್ಸ್‌ಪೆಕ್ಟರ ಮುಖ ಸುಣ್ಣಕಟ್ಟಿದ ಹುಳದಂತಾಯಿತು. ಅಷ್ಟರಲ್ಲಿ ಅವಳ ತುಟಿಯ ಮೂಲೆಯಲ್ಲಿ ನಗು ಕಂಡಿತು, ದಾರ ಸರ್ರನೆ ಒಳಗೆ ಹೋಯಿತು.

“ಅಯ್ಯೋ ಬಡ್ಡೀಮಗ್ಳೆ!” ಎಂದರು, ಉಸಿರು ಬಿಡುತ್ತ.

ಅವಳು ನಿಲ್ಲಿಸಲಿಲ್ಲ. ಡಬ್ಬಿಯಲ್ಲಿದ್ದ ಒಂದೊಂದು ಸೂಜಿಗೂ ಒಂದೊಂದು ಬಣ್ಣದ ದಾರ ಪೋಣಿಸಿ, ಬಿಳಿಯ ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿದಳು. ಬಟ್ಟೆಯನ್ನು ಸುತ್ತಿ ಅವರ ಮುಂದಿಟ್ಟು, “ಹನೂರಿನಲ್ಲಿ ಗುಂಡಿ ಬಿಚ್ಚಿದ್ರೆ ಬೇಕಾಗುತ್ತೆ. ಮುಗಿದ್ರೆ ಕಾಗದ ಹಾಕಿ, ಇನ್ನೊಂದು ಸುತ್ತು ಕಳುಸ್ತೀನಿ” ಎಂದಳು.

ಅವರು ಆ ಸುರುಳಿಯನ್ನು ನೋಡಿದರು. ತಮ್ಮ ಕೈಯ ಗುಟ್ಟು ಇವಳಿಗೆ ಇಷ್ಟು ದಿನವೂ ಗೊತ್ತಿತ್ತೆಂದು ಅವರಿಗೆ ತಿಳಿಯಿತು. ನನ್ನ ಕಡೆ ತಿರುಗಿದರು.

“ಕಾನ್ವೆಂಟಮ್ಮಾ, ಈ ನಿನ್ನ ಮಗಳು ಏನ್ ತಿಂದಿದ್ಲು?”

“ನಿಮ್ಮ ಡೈರೆಕ್ಟರನ್ನ” ಎಂದೆ. “ಡೆಪ್ಯುಟಿ ಡೈರೆಕ್ಟರನ್ನೂ.”

ಕೋಳಿಗಳನ್ನು ಹೂತ ದಿನದಿಂದ ಅವರು ಆ ಹೆಸರುಗಳಿಗೆ ನಕ್ಕಿರಲಿಲ್ಲ. ಈಗ ನಕ್ಕರು. ಒಳಗೆ ಜಪ ಮಾಡುತ್ತಿದ್ದ ಅತ್ತೆ, ಏನ್ರೇ ಅದು ಎಂದು ಕೂಗುವಷ್ಟು ನಕ್ಕರು. ನಗುವ ಭರದಲ್ಲಿ ಎರಡೂ ಕೈ ಶಾಲಿನಿಂದ ಹೊರಗೆ ಬಂದು ಸುರುಳಿಯನ್ನು ಎತ್ತಿಕೊಂಡವು. ಕೈಗಳು ನಡುಗುತ್ತಿದ್ದವು. ಅಷ್ಟು ನಕ್ಕರೆ ಯಾರ ಕೈಯಾದರೂ ನಡುಗುತ್ತದೆ ಎನ್ನುವಂತೆ ಪುಟ್ಟಿಯೂ ನಾನೂ ನಗುತ್ತಲೇ ಇದ್ದೆವು.